ಲಾಗ್ ಫೈಲ್ ತುಂಬಾ ‘[31ಎಂ’ ಯಾಕೆ?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿ. ನಮ್ಮ ಲ್ಯಾಬಿನ ಲಿನಕ್ಸ್‌ನಲ್ಲಿ ನಾನೇ ಬರೆದ ಪ್ರೋಗ್ರಾಂ ಓಡಿಸಿದರೆ ಎರರ್ ಕೆಂಪಗೆ ಬರುತ್ತದೆ. ಅದನ್ನೇ ಫೈಲಿಗೆ ಹಾಕಿ ಮನೆಯಲ್ಲಿ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೆಂಪು ಮಾಯ, ಸಾಲು ಸಾಲಿಗೂ ‘[31ಎಂ’ ಅನ್ನುವ ಕಸ. ಫೈಲ್ ಹಾಳಾಗಿದೆಯಾ?
– ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಫೈಲಿಗೆ ಏನೂ ಆಗಿಲ್ಲ ಮಾರಾಯ್ರೆ. ‘ಇಲ್ಲಿಂದ ಮುಂದೆ ಕೆಂಪು’ ಅಂತ ಟರ್ಮಿನಲ್‌ಗೆ, ಅಂದರೆ ನೀವು ಪ್ರೋಗ್ರಾಂ ಓಡಿಸಿ ಔಟ್‌ಪುಟ್ ನೋಡುವ ಕಿಟಕಿಗೆ, ಕೊಟ್ಟ ಆದೇಶ ಅದು. ಅದಕ್ಕೂ ಮೊದಲು ಕಣ್ಣಿಗೆ ಸರಿಯಾಗಿ ಕಾಣದ ಎಸ್ಕೇಪ್ ಅಕ್ಷರವೂ ಇದೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 27. ಎಸ್ಕೇಪ್, ಚೌಕ ಬ್ರಾಕೆಟ್, ಅಂಕಿ, ಕೊನೆಗೆ ಕೆಲಸ ಯಾವುದು ಅಂತ ಹೇಳುವ ಒಂದು ಅಕ್ಷರ. ಎಂ ಇದ್ದರೆ ಬಣ್ಣದ ಕೆಲಸ: 31 ಕೆಂಪು, 32 ಹಸಿರು, 0 ಕೊಟ್ಟರೆ ಮೊದಲಿನಂತೆ. ದೊಡ್ಡ ಎಚ್ ಇದ್ದರೆ ಕರ್ಸರ್ ಹೇಳಿದ ಜಾಗಕ್ಕೆ ಹೋಗುತ್ತದೆ. ನೋಟ್‌ಪ್ಯಾಡ್‌ಗೆ ಇದೆಲ್ಲ ಗೊತ್ತಿಲ್ಲ, ಸುಮ್ನೆ ಇದ್ದಹಾಗೇ ತೋರಿಸುತ್ತದೆ.

ಇದರ ಹಿಂದೆ ಒಳ್ಳೆ ಕಥೆ ಇದೆ. 1970ರ ದಶಕದಲ್ಲಿ ಟರ್ಮಿನಲ್ ಅಂದರೆ ಪರದೆ ಮತ್ತು ಕೀಬೋರ್ಡ್ ಅಷ್ಟೇ, ಕಂಪ್ಯೂಟರ್ ಬೇರೆಲ್ಲೋ. ಊರಿಗೊಂದು ಸೇರು ಇದ್ದ ಹಾಗೆ ಕಂಪನಿಗೊಂದು ಸಂಕೇತ. ಕರ್ಸರ್ ಸರಿಸಲು ಡಿಇಸಿ ಕಂಪನಿಯ ವಿಟಿ52ಕ್ಕೆ ಎಸ್ಕೇಪ್ ಜೊತೆ ವೈ ಕಳಿಸಬೇಕು, ಲಿಯರ್ ಸೀಗ್ಲರ್‌ನ ಎಡಿಎಂ-3ಎಗೆ ಎಸ್ಕೇಪ್ ಜೊತೆ ಸಮ ಚಿಹ್ನೆ. ಪ್ರೋಗ್ರಾಂ ಬರೆಯುವವರ ಪಾಡು ಯಾರಿಗೆ ಬೇಕು! 1976ರಲ್ಲಿ ಯುರೋಪಿನ ಎಕ್ಮಾ ಸಂಸ್ಥೆ ಎಲ್ಲರಿಗೂ ಒಂದೇ ಸಂಕೇತ ಇರಲಿ ಅಂತ ‘ಎಕ್ಮಾ-48’ ಎಂಬ ಸ್ಟ್ಯಾಂಡರ್ಡ್ ತಂದಿತು, 1979ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಆನ್ಸಿ ಅಂಥದ್ದೇ ‘ಎಕ್ಸ್3.64’ ತಂದಿತು. ಆದರೆ ಬರೀ ಕಾಗದದ ಮೇಲಿದ್ದರೆ ಯಾರು ಕೇಳುತ್ತಾರೆ? ನನ್ನ ಪ್ರಕಾರ ಇದನ್ನು ಗೆಲ್ಲಿಸಿದ್ದು 1978ರಲ್ಲಿ ಡಿಇಸಿಯೇ ಬಿಟ್ಟ ವಿಟಿ100. ಆನ್ಸಿ ಸ್ಟ್ಯಾಂಡರ್ಡ್ ಇನ್ನೂ ಅಧಿಕೃತವಾಗುವ ಮುಂಚೆಯೇ ಇದು ಅದೇ ದಾರಿ ಹಿಡಿದಿತ್ತು, ಒಳಗೆ ಇಂಟೆಲ್ 8080 ಚಿಪ್ ಇದ್ದದ್ದರಿಂದ ಇಂಥ ಉದ್ದುದ್ದ ಆದೇಶಗಳನ್ನು ಬಿಡಿಸಿ ಓದುವುದು ಅದಕ್ಕೆ ಕಷ್ಟವಾಗಲಿಲ್ಲ, ಮಾರಾಟವೂ ಜೋರಾಗಿ ಆಯಿತು, ಉಳಿದ ಕಂಪನಿಗಳು ಅದನ್ನೇ ನಕಲು ಮಾಡಿದವು. ತಮಾಷೆ ನೋಡಿ, ವಿಟಿ100ಕ್ಕೆ ಬಣ್ಣವೇ ಇರಲಿಲ್ಲ.

1990ರ ದಶಕದಲ್ಲಿ ಆನ್ಸಿ ತನ್ನ ಸ್ಟ್ಯಾಂಡರ್ಡನ್ನು ವಾಪಸ್ ಪಡೆಯಿತು. ಈಗ ಉಳಿದಿರುವುದು ಎಕ್ಮಾ-48, ಅದರ ಜೋಡಿಯಾದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 6429. ಆದರೂ ಎಲ್ಲರ ಬಾಯಲ್ಲೂ ‘ಆನ್ಸಿ ಕೋಡ್’ ಅಂತಲೇ ಇದೆ, ಅಲ್ವಾ?

ಬಣ್ಣದಲ್ಲೇ ಓದಬೇಕಾದರೆ ಲ್ಯಾಬಿನಲ್ಲಿ, ಫೈಲನ್ನು ಟರ್ಮಿನಲ್‌ನಲ್ಲೇ ತೋರಿಸುವ ‘ಲೆಸ್’ ಆದೇಶಕ್ಕೆ ದೊಡ್ಡ ಆರ್ ಆಯ್ಕೆ ಕೊಟ್ಟು ಫೈಲ್ ತೆರೆಯಿರಿ. ಇನ್ನು ಪ್ರೋಗ್ರಾಂ ನಿಮ್ಮದೇ ಆದ್ದರಿಂದ, ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ ಫೈಲಿಗೋ ಅಂತ ಮೊದಲು ನೋಡಿಕೊಂಡು, ಟರ್ಮಿನಲ್ ಆದರೆ ಮಾತ್ರ ಬಣ್ಣ ಹಾಕುವಂತೆ ತಿದ್ದಿ.