ಟರ್ಬೊ ಇದ್ದರೂ ಮೈಲೇಜ್ ಯಾಕೆ ಬರುತ್ತಿಲ್ಲ?

ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ, ಜೊತೆಗೆ ಪಿಕಪ್ ಇಟ್ಟುಕೊಂಡು ಬಾಡಿಗೆಗೂ ಹೋಗುತ್ತೇನೆ. ಹಳೇ ಗಾಡಿ ಚಿಕ್ಕದು, 750 ಕೆ.ಜಿ. ದಾಟಿದರೆ ಏದುಸಿರು ಬಿಡುತ್ತಿತ್ತು, ಆದರೆ ಲೀಟರಿಗೆ 14 ಕಿ.ಮೀ. ಕೊಡುತ್ತಿತ್ತು. ಎಂಟು ತಿಂಗಳ ಹಿಂದೆ ಟರ್ಬೊ ಡೀಸೆಲ್ ಪಿಕಪ್ ತೆಗೆದುಕೊಂಡೆ. 'ಟರ್ಬೊ ಸಾರ್, ಮೈಲೇಜ್ ಜಾಸ್ತಿ' ಎಂದೇ ಮಾರಿದರು. ಟ್ಯಾಂಕ್ ಫುಲ್ ಮಾಡಿ ನಾಲ್ಕು ಸಲ ಲೆಕ್ಕ ಹಾಕಿದೆ: 2,080 ಕಿ.ಮೀ.ಗೆ 206 ಲೀಟರ್. ಅಂದರೆ 10 ಚಿಲ್ಲರೆ. ಗಾಡಿಯ ಮೀಟರ್ ಮಾತ್ರ 11.2 ತೋರಿಸುತ್ತದೆ. ಶಿವಮೊಗ್ಗಕ್ಕೆ ಅಡಿಕೆ, ಬರುವಾಗ ಗೊಬ್ಬರ, ವಾರಕ್ಕೊಮ್ಮೆ ಆಗುಂಬೆ ಇಳಿದು ಉಡುಪಿ ಕಡೆಗೆ. ಲೋಡ್ ಸಾಮಾನ್ಯವಾಗಿ 1,300 ಕೆ.ಜಿ. ಇರುತ್ತದೆ. ಗ್ಯಾರೇಜಿನವರೊಬ್ಬರು ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿದರೆ ಎರಡು ಕಿ.ಮೀ. ಜಾಸ್ತಿ ಬರುತ್ತದೆ ಎನ್ನುತ್ತಾರೆ. ಮಾಡಿಸಲಾ? ಇಲ್ಲಾ ಗಾಡಿ ಮಾರಿಬಿಡಲಾ?

ಉತ್ತರ: ಎರಡೂ ಬೇಡ. ಮೊದಲು ಒಂದು ಮಾತು. ಲೆಕ್ಕ ಬರೆದು ಇಟ್ಟಿದ್ದೀರಲ್ಲ, ಅದಕ್ಕೆ ನಿಮಗೆ ನಿಜವಾಗಿಯೂ ಧನ್ಯವಾದ. ನನಗೆ ಬರುವ ಹೆಚ್ಚಿನ ಪತ್ರಗಳಲ್ಲಿ 'ಮೈಲೇಜ್ ಬರುತ್ತಿಲ್ಲ' ಎಂದಷ್ಟೇ ಇರುತ್ತದೆ, ಎಷ್ಟು ಲೀಟರಿಗೆ ಎಷ್ಟು ಓಡಿತು ಎಂಬುದು ಇರುವುದಿಲ್ಲ. ನಿಮ್ಮ ನಾಲ್ಕು ಟ್ಯಾಂಕಿನ ಲೆಕ್ಕವನ್ನೇ ನಂಬಿ, ಮೀಟರನ್ನು ಬಿಡಿ. ಮೀಟರ್ ತೋರಿಸುವುದು ಇಂಜಿನ್ನಿನ ಕಂಪ್ಯೂಟರ್ ಮಾಡಿದ ಅಂದಾಜು, ಅದು ಸ್ವಲ್ಪ ಜಾಸ್ತಿಯೇ ತೋರಿಸುವುದು ಮಾಮೂಲಿ. ಇನ್ನು ಮುಂದೆಯೂ ಒಂದೇ ಬಂಕಿನಲ್ಲಿ, ಆದಷ್ಟು ಒಂದೇ ಪಂಪಿನಲ್ಲಿ ಹಾಕಿಸಿ. ನಾಝಲ್ ತಾನಾಗಿ ಕಟ್ ಆದ ಮೇಲೆ ಮತ್ತೆ ಒತ್ತಿಸಬೇಡಿ.

ಈಗ ಟರ್ಬೊ ವಿಷಯ. ನಿಮಗೆ ಮಾರಿದವರು ಹೇಳಿದ ಮಾತು ಅರ್ಧ ಸರಿ, ಆ ಅರ್ಧವೇ ಜನರನ್ನು ದಾರಿ ತಪ್ಪಿಸುತ್ತದೆ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯ ರಭಸದಿಂದ ಟರ್ಬೊದೊಳಗಿನ ಒಂದು ಚಕ್ರ ತಿರುಗುತ್ತದೆ, ಅದೇ ದಂಡಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುವ ವಸ್ತು ಅದು. ಗಾಳಿ ಜಾಸ್ತಿ ಬಂದರೆ ಡೀಸೆಲ್ ಕೂಡ ಜಾಸ್ತಿ ಸುಡಬಹುದು, ಆಗ ಎಳೆತ ಜಾಸ್ತಿ. ಟರ್ಬೊ ಮಾಡುವ ಕೆಲಸ ಇಷ್ಟೇ. ಸಣ್ಣ ಇಂಜಿನ್ನಿನಿಂದ ದೊಡ್ಡ ಇಂಜಿನ್ನಿನ ಕೆಲಸ ತೆಗೆಯಬಹುದು, ಗಾಡಿ ಹಗುರವಾಗಿ ಓಡುವಾಗ ಆ ಸಣ್ಣ ಇಂಜಿನ್ ಕಡಿಮೆ ಕುಡಿಯುತ್ತದೆ. ಉಳಿತಾಯ ಬರುವುದು ಅಲ್ಲಿ ಮಾತ್ರ. ಲೋಡ್ ಹೇರಿ ಏರು ಹತ್ತಿಸುವಾಗ ಅದು ದೊಡ್ಡ ಇಂಜಿನ್ನಿನಷ್ಟೇ ಕೇಳುತ್ತದೆ. ಮಲೆನಾಡಿನಲ್ಲಿ ನಾವು ಮಾಡುವುದು ಹೆಚ್ಚಾಗಿ ಈ ಎರಡನೇ ಕೆಲಸವನ್ನೇ, ಅಲ್ವಾ?

ಕಂಪನಿ ಪುಸ್ತಕದ ಮೈಲೇಜ್ ಅಂಕಿಯೂ ಅಷ್ಟೇ. ಅದು ಸುಳ್ಳಲ್ಲ, ಆದರೆ ನಮ್ಮ ರಸ್ತೆಯದ್ದಲ್ಲ. ಗಾಡಿಯನ್ನು ಒಳಗೆ ರೋಲರ್ ಮೇಲೆ ನಿಲ್ಲಿಸಿ, ಎ.ಸಿ. ಹಾಕದೆ, ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ, ಹೊಗೆಯನ್ನು ಅಳೆದು ತೆಗೆಯುವ ಲೆಕ್ಕ ಅದು. ಅಲ್ಲಿ ಪೂರ್ತಿ ಲೋಡ್ ಇಲ್ಲ, ಘಾಟಿ ಇಲ್ಲ, ಮಳೆಗಾಲದ ಕೆಸರಿನಲ್ಲಿ ಮೊದಲನೇ ಗೇರಿನಲ್ಲಿ ಹತ್ತುವ ತೋಟದ ದಾರಿಯೂ ಇಲ್ಲ.

ಘಾಟಿ ಎಷ್ಟು ತಿನ್ನುತ್ತದೆ ಎಂದು ಒಂದು ಸಲ ಕೂತು ಲೆಕ್ಕ ಹಾಕೋಣ. ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಎತ್ತರ ಏರಬೇಕು. ನಿಮ್ಮ ಗಾಡಿ ಲೋಡ್ ಸೇರಿ 3 ಟನ್ ಎಂದುಕೊಳ್ಳಿ. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಮೂರನೇ ಒಂದು ಪಾಲಷ್ಟೇ ಚಕ್ರಕ್ಕೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಲೆಕ್ಕದಲ್ಲಿ 3 ಟನ್ ಭಾರವನ್ನು ಸುಮ್ನೆ ಮೇಲಕ್ಕೆ ಎತ್ತುವುದಕ್ಕೇ ಹತ್ತಿರ ಹತ್ತಿರ 1.2 ಲೀಟರ್ ಬೇಕು. ಮುಂದಕ್ಕೆ ಓಡಿಸುವ ಡೀಸೆಲ್ ಬೇರೆ. ಅದೇ ಖಾಲಿ ಗಾಡಿಗೆ 0.7 ಲೀಟರ್ ಸಾಕು. ಹಾಗಾಗಿ ಉಡುಪಿಗೆ ಲೋಡ್ ಹಾಕಿಕೊಂಡು ಇಳಿದು ಖಾಲಿ ಬಂದ ವಾರಕ್ಕೂ, ಖಾಲಿ ಇಳಿದು ತುಂಬಿಕೊಂಡು ಹತ್ತಿದ ವಾರಕ್ಕೂ ಮೈಲೇಜ್ ಒಂದೇ ಇರಬೇಕು ಎಂದು ಬಯಸಬೇಡಿ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಲೀಟರ್ ಪಕ್ಕದಲ್ಲೇ ಆ ದಿನದ ಲೋಡ್ ಕೂಡ ಬರೆಯಿರಿ.

ಇದೇ ಕಾರಣಕ್ಕೆ ಹಳೇ ಗಾಡಿಯ 14ನ್ನೂ ಹೊಸದರ 10ನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಸರಿ ಕಾಣುವುದಿಲ್ಲ. ಹಳೆಯದು ಒಂದು ಲೀಟರಿನಲ್ಲಿ ಮುಕ್ಕಾಲು ಟನ್ನನ್ನು 14 ಕಿ.ಮೀ. ಒಯ್ದಿತು. ಗುಣಿಸಿದರೆ ಹತ್ತೂವರೆ. ಹೊಸದು 1.3 ಟನ್ನನ್ನು 10 ಕಿ.ಮೀ. ಒಯ್ಯುತ್ತದೆ. ಗುಣಿಸಿದರೆ 13. ನೀವು ಬಾಡಿಗೆ ತೆಗೆದುಕೊಳ್ಳುವುದು ಸಾಗಿಸಿದ ಮಾಲಿಗೆ, ಆ ಕೆಲಸವನ್ನು ಹೊಸ ಗಾಡಿ ಕಡಿಮೆ ಡೀಸೆಲಿನಲ್ಲೇ ಮಾಡುತ್ತಿದೆ. ಆದರೆ ಹೆಚ್ಚಿನ ದಿನ ಆರೇಳು ಚೀಲ ಹಾಕಿಕೊಂಡು ಪೇಟೆಗೆ ಹೋಗಿ ಬರುವುದೇ ಇದ್ದರೆ ಮಾತ್ರ ಈ ಗಾಡಿ ನಿಮಗೆ ನಷ್ಟ. ಅದನ್ನು ನೀವೇ ಪುಸ್ತಕ ನೋಡಿ ಹೇಳಬೇಕು.

ಇಷ್ಟು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. 10ರಿಂದ 11ಕ್ಕೆ ಹೋಗಲು ನಿಮ್ಮ ಗಾಡಿಯಲ್ಲಿ ಜಾಗ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ಮೊದಲು ಟರ್ಬೊದಿಂದ, ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳನ್ನು ನೋಡಿಸಿ. ಇಲ್ಲಿ ಒಂದು ಕ್ಲಾಂಪ್ ಸಡಿಲ ಆದರೂ, ಪೈಪಿನ ಕೆಳಗೆ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟರೂ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ಎಳೆತ ಕಡಿಮೆಯಾಗುತ್ತದೆ, ನೀವು ಇನ್ನಷ್ಟು ಆಕ್ಸಿಲರೇಟರ್ ತುಳಿಯುತ್ತೀರಿ. ಹಳೇ ಗಾಡಿಗಳಲ್ಲಿ ಹೀಗಾದರೆ ಹಿಂದೆ ಕಪ್ಪು ಹೊಗೆ ಬರುತ್ತಿತ್ತು, ಮೆಕ್ಯಾನಿಕ್ ದೂರದಿಂದಲೇ ಕಂಡುಹಿಡಿಯುತ್ತಿದ್ದರು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಮಸಿಯನ್ನು ಡಿಪಿಎಫ್ ಎಂಬ ಜಾಲರಿ ಹಿಡಿದಿಟ್ಟುಕೊಳ್ಳುವುದರಿಂದ ಹೊಗೆ ಕಾಣುವುದೇ ಇಲ್ಲ. ಬದಲಿಗೆ ಆ ಜಾಲರಿ ಬೇಗ ಕಟ್ಟುತ್ತದೆ, ಅದನ್ನು ಸುಟ್ಟು ತೆರವು ಮಾಡಲು ಮತ್ತೆ ಡೀಸೆಲ್ ಖರ್ಚು. ಪೈಪಿನ ಜೋಡಣೆಯಲ್ಲಿ ಎಣ್ಣೆ ಪಸೆ ಹೊಸದಾಗಿ ಕಾಣಿಸಿದರೆ, ಏರಿನಲ್ಲಿ ಸುಂಯ್ ಎಂಬ ಸದ್ದು ಮೊದಲಿಗಿಂತ ಜೋರಾದರೆ ಅಲ್ಲೇ ಹುಡುಕಿಸಿ.

ಎರಡನೆಯದು ಬ್ರೇಕ್ ಹಿಡಿದುಕೊಳ್ಳುವುದು. ಕೆಸರಿನಲ್ಲಿ ಓಡುವ ಗಾಡಿಗಳಲ್ಲಿ ಹಿಂದಿನ ಡ್ರಮ್ಮಿನೊಳಗೆ ಮಣ್ಣು ಸೇರುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುವುದಿಲ್ಲ. ಮಂಡಗದ್ದೆಯಿಂದ ಗಾಜನೂರಿನ ಕಡೆ ಬರುವಾಗ, ಆದಷ್ಟು ಬ್ರೇಕ್ ಮುಟ್ಟದೆ ಹತ್ತು ಕಿ.ಮೀ. ಬಂದು ನಿಲ್ಲಿಸಿ, ನಾಲ್ಕು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಬಿಸಿ ಹೊಡೆಯುತ್ತಿದ್ದರೆ ನಿಮ್ಮ ಡೀಸೆಲ್ ಅಲ್ಲಿ ಉರಿಯುತ್ತಿದೆ. ಘಾಟಿ ಇಳಿದ ಕೂಡಲೇ ಹೀಗೆ ನೋಡಿದರೆ ಎಲ್ಲವೂ ಬಿಸಿ ಇರುತ್ತವೆ, ಏನೂ ತಿಳಿಯುವುದಿಲ್ಲ.

ಟೈರ್ ಗಾಳಿ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಷ್ಟು ಇರಲಿ. ಲೋಡಿಗೆ ಬೇರೆ, ಖಾಲಿಗೆ ಬೇರೆ ಬರೆದಿರುತ್ತಾರೆ. ಏರ್ ಫಿಲ್ಟರ್ ತಿಂಗಳಿಗೊಮ್ಮೆ ಬದಲಿಸುವ ಅಗತ್ಯ ಇಲ್ಲ, ಅದು ಕಟ್ಟಿದರೆ ಮೊದಲು ಕಡಿಮೆಯಾಗುವುದು ಎಳೆತ. ಮೈಲೇಜಿನಲ್ಲಿ ಆಗುವ ವ್ಯತ್ಯಾಸ ಚಿಕ್ಕದು.

ಇನ್ನು ಓಡಿಸುವ ರೀತಿ. ಹಳೇ ಗಾಡಿಯ ಅಭ್ಯಾಸ ಕಾಲಿನಿಂದ ಬೇಗ ಹೋಗುವುದಿಲ್ಲ. ಟಾಪ್ ಗೇರಿನಲ್ಲೇ ಎಳೆಸುತ್ತಾ ಏರು ಹತ್ತಿಸಿದರೆ ಡೀಸೆಲ್ ಉಳಿಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಟರ್ಬೊ ಇಂಜಿನ್ನಿನಲ್ಲಿ ಅದು ತಪ್ಪು. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕೆಳಗಿದ್ದಾಗ ಹೊಗೆಯ ರಭಸ ಸಾಲದೆ ಟರ್ಬೊ ಗಾಳಿ ತುಂಬುವುದಿಲ್ಲ, ನೀವು ಪೆಡಲ್ ನೆಲಕ್ಕೆ ತಾಗಿಸಿದರೂ ಗಾಡಿ ಗೊರಗೊರ ಎನ್ನುತ್ತದೆಯೇ ಹೊರತು ಏಳುವುದಿಲ್ಲ. ಕಂಪನಿ ಪುಸ್ತಕದಲ್ಲಿ ಗರಿಷ್ಠ ಟಾರ್ಕ್, ಅಂದರೆ ಇಂಜಿನ್ನಿನ ಪೂರ್ತಿ ಎಳೆತ, ಯಾವ ಆರ್‌ಪಿಎಂನಿಂದ ಶುರುವಾಗುತ್ತದೆ ಎಂದು ಬರೆದಿರುತ್ತಾರೆ. ಏರು ಬರುವ ಮೊದಲೇ ಒಂದು ಗೇರ್ ಇಳಿಸಿ, ಆ ಆರ್‌ಪಿಎಂಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡು, ಅರ್ಧ ಪೆಡಲಿನಲ್ಲಿ ನಿಧಾನ ಹತ್ತಿಸಿ. 3,000 ದಾಟಿಸುವುದೂ ಬೇಡ.

ಬಯಲು ರಸ್ತೆಯಲ್ಲಿ 60ರ ಬದಲು 80ರಲ್ಲಿ ಹೋದರೆ ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರುತ್ತದೆ. ತಾಡಪಾಲು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಇನ್ನೂ ಕೆಟ್ಟದು, ಬಿಗಿದು ಕಟ್ಟಿ. ಮಂಡಿಯ ಮುಂದೆ ಇಳಿಸಲು ಕಾಯುವಾಗ ಇಂಜಿನ್ ಆಫ್ ಮಾಡಿ, ಸುಮ್ನೆ ನಿಂತ ಡೀಸೆಲ್ ಇಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ತನಕ ಕುಡಿಯುತ್ತದೆ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಆಗುಂಬೆ ಇಳಿಯುವಾಗ ನ್ಯೂಟ್ರಲ್ ಮಾಡುತ್ತೀರಾ? ಮಾಡುತ್ತಿದ್ದರೆ ದಯವಿಟ್ಟು ಇವತ್ತೇ ಬಿಡಿ. ಈಗಿನ ಡೀಸೆಲ್ ಇಂಜಿನ್ನಿನಲ್ಲಿ ಗೇರಿನಲ್ಲಿದ್ದು ಪೆಡಲಿನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಐಡಲ್ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ನ್ಯೂಟ್ರಲಿನಲ್ಲಿ ಉಳಿತಾಯವೇ ಇಲ್ಲ. ಅಷ್ಟೇ ಅಲ್ಲ, 3 ಟನ್ ಭಾರ 14 ತಿರುವುಗಳಲ್ಲಿ ಬರೀ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿಯದೆ ಹೋದರೆ ಆ ರಸ್ತೆಯಲ್ಲಿ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಆಗ ಪವರ್ ಸ್ಟೇರಿಂಗೂ ಹೋಗುತ್ತದೆ, ನಾಲ್ಕು ಸಲ ತುಳಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಪ್ರೋಗ್ರಾಂ ಬದಲಿಸುವುದು ಬೇಡ ಎಂದೆನಲ್ಲ, ಕಾರಣ ಹೇಳುತ್ತೇನೆ. ಅದು ಹೆಚ್ಚಾಗಿ ಮಾಡುವುದು ಗಾಳಿಯ ಒತ್ತಡ, ಡೀಸೆಲ್ ಎರಡನ್ನೂ ಏರಿಸುವುದು. ಎಳೆತ ಚೆನ್ನಾಗಿ ಸಿಕ್ಕ ಖುಷಿಗೆ ಮೈಲೇಜ್ ಬಂದಂತೆ ಅನ್ನಿಸಬಹುದು. ಆದರೆ ಎಂಟು ತಿಂಗಳ ಗಾಡಿಯ ವಾರಂಟಿ ಕಳೆದುಕೊಂಡು, ನಾಳೆ ಟರ್ಬೊ ಕೆಟ್ಟರೆ ಪೂರ್ತಿ ದುಡ್ಡು ನಿಮ್ಮ ಜೇಬಿನಿಂದ. ಪೈಪು, ಬ್ರೇಕು, ಗಾಳಿ ನೋಡಿಸಿ, ಮತ್ತೆ ನಾಲ್ಕು ಟ್ಯಾಂಕ್ ಲೆಕ್ಕ ಹಾಕಿ ಬರೆಯಿರಿ. ಆಗಲೂ 10ರಲ್ಲೇ ನಿಂತಿದ್ದರೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಪರೀಕ್ಷೆಯ ಮಾತಾಡೋಣ.

ಪ್ರಶ್ನೆ: ಸಾಗರದ ಹತ್ತಿರದವನು. ದಿನಾ ಬೆಳಿಗ್ಗೆ ಹಾಲು ಹಾಕಲು ಪಿಕಪ್ಪಿನಲ್ಲಿ ಆರು ಕಿ.ಮೀ. ಹೋಗಿ ಬರುತ್ತೇನೆ. ಲೋಡ್ ಏನೂ ಇಲ್ಲ, ಆದರೂ ಮೈಲೇಜ್ 8. ಡಿಪಿಎಫ್ ದೀಪ ಆಗಾಗ ಹತ್ತುತ್ತದೆ. ಅದನ್ನು ತೆಗೆಸಿಬಿಡಿ ಎನ್ನುತ್ತಾರೆ.

ಉತ್ತರ: ತೆಗೆಸಬೇಡಿ. ಅದು ಕಾನೂನಿಗೆ ವಿರುದ್ಧ, ಗಾಡಿಯನ್ನು ಹೀಗೆ ಬದಲಿಸಿದರೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಕೂಡ ಆಗಬಹುದು. ನಿಮ್ಮ ತೊಂದರೆ ಜಾಲರಿಯದ್ದಲ್ಲ, ಆರು ಕಿ.ಮೀ.ಯದ್ದು. ಜಾಲರಿಯಲ್ಲಿ ಸೇರಿದ ಮಸಿ ಸುಡಲು ಅದರೊಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಇಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಸುಡಲು ಶುರುಮಾಡುವಷ್ಟರಲ್ಲಿ ನೀವು ಮನೆ ತಲುಪಿ ಆಫ್ ಮಾಡುತ್ತೀರಿ. ಮರುದಿನ ಮತ್ತೆ ಮೊದಲಿನಿಂದ. ಡೀಸೆಲ್ ಹೋಯಿತು, ಮಸಿ ಹಾಗೇ ಉಳಿಯಿತು.

ವಾರಕ್ಕೊಮ್ಮೆ ಆನಂದಪುರದ ಕಡೆಗೆ ಏನಾದರೂ ಕೆಲಸ ಇಟ್ಟುಕೊಂಡು, ನಡುವೆ ನಿಲ್ಲಿಸದೆ 60ರ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಐಡಲ್ ಸ್ವಲ್ಪ ಏರಿದ್ದರೆ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಬಿಸಿ ವಾಸನೆ ಬಂದರೆ ಮಸಿ ಸುಡುತ್ತಿದೆ ಎಂದು ಅರ್ಥ, ಆಗ ಆಫ್ ಮಾಡಬೇಡಿ. ಬೇಸಿಗೆಯಲ್ಲಿ ಆ ಹೊತ್ತಿಗೆ ಒಣ ದರಗಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ, ಕೆಳಗಿನ ಬಿಸಿಗೆ ಬೆಂಕಿ ಹತ್ತಬಹುದು. ಇನ್ನೊಂದು, ಇಂಜಿನ್ ಆಯಿಲ್ ಕಡ್ಡಿ ತೆಗೆದು ನೋಡಿ. ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಸರ್ವಿಸ್ ದಿನದ ತನಕ ಕಾಯದೆ ಆಯಿಲ್ ಬದಲಿಸಿ. ಸಾಧ್ಯವಿದ್ದರೆ ಹಾಲಿಗೆ ಸ್ಕೂಟರ್ ಒಯ್ಯಿರಿ.

ಪ್ರಶ್ನೆ: ಟರ್ಬೊ ಗಾಡಿಯನ್ನು ನಿಲ್ಲಿಸಿದ ಕೂಡಲೇ ಆಫ್ ಮಾಡಬಾರದು ಎನ್ನುತ್ತಾರೆ. ಹಾಗೆ ಕಾಯುವುದರಿಂದ ಡೀಸೆಲ್ ಹಾಳಲ್ಲವೇ? – ಶಿವಮೊಗ್ಗದ ಓದುಗರು

ಉತ್ತರ: ಪೇಟೆಯೊಳಗೆ ನಿಧಾನ ಓಡಿಸಿ ಬಂದಿದ್ದರೆ ಕಾಯಬೇಕಾಗಿಲ್ಲ. ಘಾಟಿ ಹತ್ತಿಸಿದ್ದರೆ ಖಂಡಿತ ಕಾಯಿರಿ. ಆಗುಂಬೆ ಹತ್ತಿದ ತಕ್ಷಣ ಸೂರ್ಯಾಸ್ತ ನೋಡುವ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೀ ತಿರುಗಿಸಿ ಓಡುವವರನ್ನು ನಾನು ಬಹಳ ನೋಡಿದ್ದೇನೆ. ಆಗ ಟರ್ಬೊ ಕೆಂಡದಂತೆ ಕಾದಿರುತ್ತದೆ, ಇಂಜಿನ್ ನಿಂತರೆ ಅದಕ್ಕೆ ಆಯಿಲ್ ಬರುವುದೂ ನಿಲ್ಲುತ್ತದೆ, ಒಳಗೆ ಉಳಿದ ಆಯಿಲ್ ಸೀದು ಕರಿಯಾಗಿ ದಂಡಿಗೆ ಅಂಟುತ್ತದೆ. ಒಂದು ನಿಮಿಷ ಐಡಲ್ ಬಿಟ್ಟರೆ ಖರ್ಚಾಗುವ ಡೀಸೆಲ್ ಹತ್ತು ಹದಿನೈದು ಮಿಲಿ ಲೀಟರ್, ಅಂದರೆ ಮೂರು ಚಮಚದಷ್ಟು.