ಟ್ರೈಕ್‌ಗೆ ಡ್ರಮ್ ಬ್ರೇಕ್ ಹಾಕ್ಸೋ ಮುಂಚೆ ಆಂಕರ್ ಎಲ್ಲಿ ಕೂರುತ್ತೆ ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ, ರಿಕಂಬೆಂಟ್ ಟ್ರೈಕಲ್ಲಿ, ಅಂದ್ರೆ ಒರಗಿ ಕೂತು ತುಳಿಯೋ ಮೂರು ಚಕ್ರದ ಸೈಕಲಲ್ಲಿ, ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಹಾಕೋದು. ಮಳೆಗಾಲ ಬಂದ್ರೆ ಸಾಕು ಇದೇ ಪ್ರಶ್ನೆ ಶುರುವಾಗುತ್ತೆ, ಪ್ರತಿ ಸಲ ನಾಲ್ಕು ಸಾಲಲ್ಲಿ ಉತ್ತರ ಕೊಡ್ತೀನಿ, ಆಮೇಲೆ ಯಾರೋ ವೆಲ್ಡಿಂಗ್ ಮಾಡ್ಸಿ ಫೋಟೋ ಕಳಿಸ್ತಾರೆ. ಅದಕ್ಕೆ ಇವತ್ತು ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ, ಮಿಕ್ಕಿದ್ದಕ್ಕೆಲ್ಲ ಚುಟುಕಾಗಿ. ಟ್ಯಾಡ್‌ಪೋಲ್ ಅಂದ್ರೆ ಮುಂದೆ ಎರಡು, ಹಿಂದೆ ಒಂದು ಚಕ್ರ ಇರೋ ಟ್ರೈಕು, ಕಿಂಗ್‌ಪಿನ್ ಅಂದ್ರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲು. ಇದಕ್ಕಿಂತ ಬುಡದಿಂದ ಇಲ್ಲಿ ಹೇಳಲ್ಲ, ಟ್ರೈಕ್ ಇಟ್ಕೊಂಡಿರೋರಿಗೆ ಅದು ಗೊತ್ತಿರ್ಬೇಕು.

ಪ್ರಶ್ನೆ: ನನ್ನದು ಟ್ಯಾಡ್‌ಪೋಲ್ ಟ್ರೈಕ್, ಮುಂದಿನ ಎರಡೂ 20 ಇಂಚಿನ ಚಕ್ರಕ್ಕೆ ಕೇಬಲ್ ಡಿಸ್ಕ್ ಬ್ರೇಕ್ ಇದೆ. ಯಾವಾಗ್ಲೂ ಕಿರ್ ಅಂತ ಕಿರುಚುತ್ತೆ, ಮಳೇಲಿ ಸರಿಯಾಗಿ ಹಿಡಿಯಲ್ಲ. ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳಿಯೋ ಅಭ್ಯಾಸ ಇದೆ. ನಮ್ಮ ಏರಿಯಾ ಮೆಕ್ಯಾನಿಕ್ ಒಬ್ರು ಹಳೇ ಮೊಪೆಡ್ ಡ್ರಮ್ ತಂದು ವೆಲ್ಡ್ ಮಾಡಿ ಕೂರಿಸ್ತೀನಿ ಅಂದಿದ್ದಾರೆ. ಮಾಡಿಸ್ಲಾ? – ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಆ ಮೆಕ್ಯಾನಿಕ್‌ಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳ್ಬಿಡಿ, ಆಮೇಲೆ ಇದನ್ನ ಓದಿ.

ಮೊಪೆಡ್ ಹಬ್ಬಲ್ಲಿ, ಅಂದ್ರೆ ಚಕ್ರದ ನಡುಭಾಗದಲ್ಲಿ, ಆಕ್ಸಲ್ ಎರಡೂ ಕಡೆ ಫೋರ್ಕಲ್ಲಿ ಕೂತಿರುತ್ತೆ. ನಿಮ್ಮ ಟ್ರೈಕಿನ ಮುಂದಿನ ಚಕ್ರ ಒಂದೇ ಕಡೆಯಿಂದ ಹಿಡ್ಕೊಂಡಿರುತ್ತೆ, ಒಳಗಡೆ ಕಿಂಗ್‌ಪಿನ್ನು, ಹೊರಗಡೆ ಬರೀ ಗಾಳಿ. ಟ್ರೈಕು ಸೈಕಲ್ ಥರ ವಾಲೋದಿಲ್ಲ, ಹಂಗಾಗಿ ತಿರುವಲ್ಲಿ ಪಕ್ಕದ ಒತ್ತಡ ಪೂರ್ತಿ ಆ ಗಿಡ್ಡ ಆಕ್ಸಲ್ ಮೇಲೆ ಬೀಳುತ್ತೆ. ಎರಡು ಕಡೆ ಹಿಡಿತ ಇದ್ರೆ ಮಾತ್ರ ನಿಲ್ಲೋ ಸಾಮಾನನ್ನ ಲೇತಲ್ಲಿ ಬುಷ್ ಹೊಡ್ಸಿ ಒಂದು ಕಡೆ ಹಿಡಿತದ ಜಾಗಕ್ಕೆ ತುರುಕಿದ್ರೆ ಇವತ್ತು ಓಡುತ್ತೆ, ನಾಳೆನೂ ಓಡುತ್ತೆ, ಯಾವತ್ತೋ ಒಂದಿನ ಇಳಿಜಾರಲ್ಲಿ ಚಕ್ರ ಕಳಚ್ಕೊಂಡು ಹೋಗುತ್ತೆ. ಇನ್ನು ವೆಲ್ಡಿಂಗ್. ನಿಮ್ಮ ಫ್ರೇಮ್ ಅಲ್ಯೂಮಿನಿಯಮ್ ಆಗಿದ್ರೆ, ಹೀಟ್ ಟ್ರೀಟ್‌ಮೆಂಟ್ ಆಗಿರೋ ಅಲ್ಯೂಮಿನಿಯಮ್ ಬೆಸುಗೆ ಬಿದ್ದ ಜಾಗದ ಸುತ್ತ ಮೆತ್ತಗಾಗುತ್ತೆ, ಮತ್ತೆ ಫರ್ನೇಸಲ್ಲಿ ಹದ ಮಾಡ್ದೆ ಅದು ಹಳೇ ಶಕ್ತಿಗೆ ಬರಲ್ಲ. ಕಣ್ಣಿಗೆ ಬೆಸುಗೆ ಚೆನ್ನಾಗೇ ಕಾಣುತ್ತೆ, ಅದೇ ಮೋಸ ಮಾಡೋದು.

ಸರಿ, ಡ್ರಮ್ಮೇ ಬೇಕು ಅಂದ್ರೆ ಟ್ರೈಕಿಗೆ ಅಂತಲೇ ಮಾಡಿರೋ ಡ್ರಮ್ ಹಬ್ ಇದೆ. ಸ್ಟರ್ಮಿ ಆರ್ಚರ್ ಅಂತ, 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಲ್ಲಿ ಶುರುವಾದ ಕಂಪನಿ, 2000ದಿಂದ ತೈವಾನಿನ ಸನ್‌ರೇಸ್ ಕೈಲಿದೆ, ಅವರು 70 ಮಿ.ಮೀ. ಮತ್ತೆ 90 ಮಿ.ಮೀ. ಡ್ರಮ್ ಮಾಡ್ತಾರೆ, ಒಂದೇ ಕಡೆ ಹಿಡಿತದ 12 ಮಿ.ಮೀ. ಆಕ್ಸಲ್‌ಗೆ ಕೂರೋ ಥರ, ಎಡಕ್ಕೆ ಬೇರೆ ಬಲಕ್ಕೆ ಬೇರೆ. ಜನ ಏನಂದ್ಕೊಂಡಿದ್ದಾರೆ ಅಂದ್ರೆ ಇದನ್ನ ತರಿಸ್ಕೊಂಡು ಡಿಸ್ಕನ್ನ ಹಿಡಿಯೋ ಕ್ಯಾಲಿಪರ್ ಬಿಚ್ಚಿ ಡ್ರಮ್ ಬಿಗಿದ್ರೆ ಕೆಲಸ ಮುಗೀತು ಅಂತ. ಅದಲ್ಲ ಸ್ವಾಮಿ. ಡಿಸ್ಕ್ ಬ್ರೇಕ್ ಹಬ್ಬಿಗೆ ಬೋಲ್ಟ್ ಆಗಿರೋ ಸಾಮಾನು, ಡ್ರಮ್ ಅಂದ್ರೆ ಹಬ್ಬೇ ಬ್ರೇಕು. ಹಬ್ ಬದಲಾದ್ರೆ ಚಕ್ರ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಡ್ರಮ್ ಹಬ್ಬಿನ ಫ್ಲ್ಯಾಂಜ್, ಅಂದ್ರೆ ಕಡ್ಡಿ ಸಿಕ್ಕಿಸೋ ಅಂಚು, ದೊಡ್ಡದು, ಹಳೇ ಸ್ಪೋಕ್ಸ್ ಕಡ್ಡಿ ಉದ್ದ ಆಗುತ್ತೆ, ಹೊಸ ಕಡ್ಡಿ ಬೇಕು. ರಿಮ್ಮಲ್ಲಿರೋ ತೂತು 32 ಆಗಿ ಹಬ್ಬಲ್ಲಿ 36 ಇದ್ರೆ ರಿಮ್ಮೂ ಹೋಯ್ತು. 20 ಇಂಚಿನ ಚಕ್ರಕ್ಕೆ ದೊಡ್ಡ ಸೈಕಲ್ ಥರ ಮೂರು ಕ್ರಾಸ್, ಅಂದ್ರೆ ಒಂದು ಕಡ್ಡಿ ಬೇರೆ ಮೂರು ಕಡ್ಡಿ ದಾಟೋ ಥರ, ಹಾಕಕ್ಕೆ ಹೋಗ್ಬೇಡಿ, ಕಡ್ಡಿ ನಿಪ್ಪಲ್ ಹತ್ರ ಓರೆ ಆಗಿ ಮುರಿಯುತ್ತೆ, ಒಂದೋ ಎರಡೋ ಕ್ರಾಸ್ ಸಾಕು.

ಈಗ ಮುಖ್ಯವಾದ ವಿಷಯ, ಆಂಕರ್. ನೀವು ಬ್ರೇಕ್ ಹಿಡಿದಾಗ ಶೂ, ಅಂದ್ರೆ ಒಳಗಿಂದ ಉಜ್ಜೋ ಬ್ರೇಕ್ ಕಟ್ಟೆ, ಡ್ರಮ್ಮನ್ನ ತಡೆಯುತ್ತೆ, ಆಗ ಡ್ರಮ್ಮು ಶೂ ಇರೋ ಪ್ಲೇಟನ್ನೇ ತನ್ನ ಜೊತೆ ತಿರುಗ್ಸೋಕೆ ನೋಡುತ್ತೆ. ಅದು ತಿರುಗದಂಗೆ ಪ್ಲೇಟನ್ನ ಕಿಂಗ್‌ಪಿನ್ನಿಗೆ ಕಚ್ಚಿಸಿರ್ಬೇಕು, ಆ ಕಚ್ಚಿಸೋ ಬೋಲ್ಟೇ ಆಂಕರ್. ಲೆಕ್ಕ ಹೇಳ್ತೀನಿ ಕೇಳಿ. ನೀವು, ಟ್ರೈಕು, ಬ್ಯಾಗು ಸೇರಿ 110 ಕೆ.ಜಿ. ಅಂದ್ಕೊಳ್ಳಿ. ಗುರುತ್ವದ ಅರ್ಧದಷ್ಟು ಜೋರಾಗಿ ಬ್ರೇಕ್ ಹಿಡಿದ್ರೆ ಒಟ್ಟು ಸುಮಾರು 540 ನ್ಯೂಟನ್, ಒಂದೊಂದು ಚಕ್ರಕ್ಕೆ 270. ಚಕ್ರದ ತ್ರಿಜ್ಯ 24 ಸೆಂ.ಮೀ., ಅಲ್ಲಿಗೆ ಹತ್ತಿರ ಹತ್ತಿರ 65 ನ್ಯೂಟನ್ ಮೀಟರ್ ತಿರುಚು ಬಲ. ಆಂಕರ್ ಆಕ್ಸಲ್‌ನಿಂದ 5 ಸೆಂ.ಮೀ. ದೂರದಲ್ಲಿದ್ರೆ ಆ ಒಂದು ಚಿಕ್ಕ ಬೋಲ್ಟ್ ಮೇಲೆ 1300 ನ್ಯೂಟನ್, ಅಂದ್ರೆ 130 ಕೆ.ಜಿ. ಭಾರ. ಪ್ರತಿ ಸಲ ಗಟ್ಟಿಯಾಗಿ ಹಿಡಿದಾಗಲೂ ಇಷ್ಟು. ಇದನ್ನ ಕ್ಲ್ಯಾಂಪ್ ಹಾಕಿ, ಜಿಐ ತಂತಿ ಸುತ್ತಿ, ಕೇಬಲ್ ಟೈ ಬಿಗಿದು ತಡ್ಕೊಳ್ತೀನಿ ಅಂತಾರಲ್ಲ, ಅಂಥವರ ಹತ್ರ ಗಾಡಿ ಬಿಡಬೇಡಿ. ಆಂಕರ್ ಕಿತ್ಕೊಂಡ್ರೆ ಪ್ಲೇಟ್ ಗಿರ್ರನೆ ತಿರುಗಿ ಕೇಬಲನ್ನ ಸುತ್ಕೊಳ್ಳುತ್ತೆ, ಒಂದು ಕಡೆ ಬ್ರೇಕೇ ಇರಲ್ಲ ಇಲ್ಲಾಂದ್ರೆ ಚಕ್ರ ಜಾಮ್ ಆಗುತ್ತೆ, ಎರಡರಲ್ಲಿ ಯಾವುದಾದ್ರೂ ಟ್ರೈಕ್ ಪಕ್ಕಕ್ಕೆ ಎಳೆಯುತ್ತೆ, ಅದೂ ಬಸ್ಸು ಎದುರು ಬರೋ ರಸ್ತೇಲಿ.

ಹಂಗಾಗಿ ಕೇಳ್ಬೇಕಾದ ಪ್ರಶ್ನೆ ಒಂದೇ: ನಿಮ್ಮ ಟ್ರೈಕ್ ಕಂಪನಿ ಇದೇ ಫ್ರೇಮಿಗೆ ಡ್ರಮ್ ಬ್ರೇಕಿನ ಕಿಂಗ್‌ಪಿನ್ ಸೆಟ್ ಕೊಡುತ್ತಾ? ಇಂಗ್ಲೆಂಡಿನ ಐಸ್ (ICE) ಥರದ ಕಂಪನಿಗಳು ಡಿಸ್ಕಲ್ಲೂ ಡ್ರಮ್ಮಲ್ಲೂ ಟ್ರೈಕ್ ಮಾರಿವೆ, ಅಂಥವ್ರಿಗೆ ಫ್ರೇಮ್ ನಂಬರ್ ಕಳಿಸಿ ಕೇಳಿದ್ರೆ ಯಾವ ಸೆಟ್ ಹೊಂದುತ್ತೆ ಅಂತ ಹೇಳ್ತಾರೆ. ಕೊಡುತ್ತೆ ಅಂದ್ರೆ ತರಿಸಿ. ಕೊಡಲ್ಲ ಅಂದ್ರೆ ಆ ಆಸೆ ಬಿಟ್ಬಿಡಿ, ಮೈಸೂರಿನ ಮೇಟಗಳ್ಳೀಲಿ ಎಷ್ಟು ಒಳ್ಳೆ ಲೇತ್ ಕೆಲಸದವ್ರು ಇದ್ರೂ ಸರಿ. ನಾನು ಈ ವಿಷಯದಲ್ಲಿ ಅತಿಯಾಗಿ ಹೆದರ್ತೀನಿ ಅಂತ ಕೆಲವರು ಹೇಳೋದುಂಟು, ಹೇಳ್ಲಿ, ನಾನು ಮಾತು ಬದಲಾಯಿಸಲ್ಲ.

ಇನ್ನು ಬೆಟ್ಟ. ಡ್ರಮ್ಮಿಗೆ ನಿಜವಾದ ಶತ್ರು ಮಳೆ ಅಲ್ಲ, ಉದ್ದದ ಇಳಿಜಾರು. ಬೆಟ್ಟದ ಮೇಲಿಂದ ಊರಿಗೆ 250 ಮೀಟರ್ ಇಳೀತೀರ ಅಂತ ಇಟ್ಕೊಂಡ್ರೆ 110 ಕೆ.ಜಿ.ಗೆ ಸುಮಾರು 2.7 ಲಕ್ಷ ಜೂಲ್ ಶಕ್ತಿ, ಮುಕ್ಕಾಲು ಲೀಟರ್ ತಣ್ಣೀರು ಕುದಿಯೋಕೆ ಇಷ್ಟು ಸಾಕು. ಒಂದಷ್ಟನ್ನ ಗಾಳಿ ತಿನ್ನುತ್ತೆ, ನಿಧಾನಕ್ಕೆ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಹೆಚ್ಚಿನದೆಲ್ಲ ಬ್ರೇಕಿಗೇ. ಡಿಸ್ಕ್ ಗಾಳಿಗೆ ತೆರೆದಿರುತ್ತೆ, ಬಿಸಿ ಆದಾಗ ದಪ್ಪ ಆಗಿ ಪ್ಯಾಡ್ ಕಡೆಗೇ ಬರುತ್ತೆ. ಡ್ರಮ್ ಮುಚ್ಚಿದ ಡಬ್ಬಿ, ಬಿಸಿ ಆದಾಗ ಹಿಗ್ಗಿ ಶೂನಿಂದ ದೂರ ಹೋಗುತ್ತೆ, ಶೂ ಮೇಲೆ ಅಂಟಿರೋ ಲೈನಿಂಗಿನ ಹಿಡಿತನೂ ಕಮ್ಮಿ ಆಗುತ್ತೆ, ಲಿವರ್ ಹ್ಯಾಂಡಲ್ ತನಕ ಬಂದ್ರೂ ಗಾಡಿ ನಿಲ್ಲಲ್ಲ. ನೀವು ವಾರವಾರ ಬೆಟ್ಟ ಇಳಿಯೋರು, ಇರೋ ಡಿಸ್ಕ್ ಬಿಟ್ಟು ಡ್ರಮ್ಮಿಗೆ ಹೋಗ್ತೀನಿ ಅಂತೀರಲ್ಲ! ಹೋಗ್ಲೇಬೇಕು ಅಂದ್ರೆ 90 ಮಿ.ಮೀ.ದೇ ಹಾಕಿ, ಹಿಂದಿನ ಚಕ್ರಕ್ಕೆ ಇನ್ನೊಂದು ಬ್ರೇಕ್ ಸೇರಿಸಿ, ವ್ಯೂ ಪಾಯಿಂಟ್ ಹತ್ರ ನಿಲ್ಸಿ ಆರೋಕೆ ಬಿಡಿ.

ನಿಮ್ಮ ನಿಜವಾದ ತೊಂದರೆ ಕಿರುಚೋದು ತಾನೆ, ಅದಕ್ಕೆ ಕಾರಣ ಪ್ಯಾಡಿಗೆ ಎಣ್ಣೆ ಹತ್ತಿರೋದು ಅಂತ ನನಗನ್ಸುತ್ತೆ. ರಿಕಂಬೆಂಟ್ ಚೈನ್ ಉದ್ದ, ಮುಂದಿನ ಚಕ್ರಗಳ ಮಧ್ಯೆನೇ ಹಾದು ಹೋಗುತ್ತೆ, ಸ್ಪ್ರೇ ಡಬ್ಬೀಲಿ ಎಣ್ಣೆ ಹೊಡೆದ್ರೆ ಆ ತುಂತುರು ಡಿಸ್ಕ್ ಮೇಲೆ ಕೂರುತ್ತೆ. ಚೈನಿಗೆ ಹನಿ ಹನಿ ಹಾಕಿ, ಬಟ್ಟೇಲಿ ಒರೆಸಿ. ಡಿಸ್ಕನ್ನ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ, ಪ್ಯಾಡ್ ಹೊಸದು ಹಾಕಿ. ಹಳೇ ಪ್ಯಾಡನ್ನ ಗ್ಯಾಸ್ ಸ್ಟವ್ ಮೇಲೆ ಸುಟ್ರೆ ಸರಿಹೋಗುತ್ತೆ ಅಂತ ವಿಡಿಯೋ ಮಾಡೋರ ಮಾತು ಕೇಳ್ಬೇಡಿ, ಬ್ರೇಕ್ ವಿಷಯದಲ್ಲಿ ಇಂಥ ಅರ್ಧಂಬರ್ಧ ವಿದ್ಯೆ ಹಂಚೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಹೊಸ ಪ್ಯಾಡ್ ಹಾಕಿದ್ಮೇಲೆ ಸಮತಟ್ಟು ರಸ್ತೇಲಿ 20 ಕಿ.ಮೀ. ಸ್ಪೀಡಿಂದ ನಡಿಗೆ ಸ್ಪೀಡಿಗೆ ಹದಿನೈದು ಇಪ್ಪತ್ತು ಸಲ ಇಳಿಸಿ, ಚಕ್ರ ಲಾಕ್ ಆಗ್ಬಾರ್ದು. ಕೇಬಲ್ಲೂ ಔಟರ್ರೂ ತುಕ್ಕು ಹಿಡಿದಿದ್ರೆ ಬದಲಾಯಿಸಿ. ಇಷ್ಟು ಮಾಡಿ ಮಳೇಲಿ ಒಂದು ಸುತ್ತು ಹೋಗ್ಬನ್ನಿ. ಆಮೇಲೂ ಡ್ರಮ್ ಬೇಕು ಅನ್ಸಿದ್ರೆ ಬರೀರಿ.

ಪ್ರಶ್ನೆ: ನಾನು ಓಡಾಡೋದೆಲ್ಲ ವಿ.ಸಿ. ನಾಲೆ ಏರಿ ಮೇಲೆ, ಬೆಟ್ಟ ಗುಡ್ಡ ಇಲ್ಲ. ಕೆಸರು, ಮರಳು ಸೇರಿ ಪ್ಯಾಡ್ ಬೇಗ ಸವೆಯುತ್ತೆ. ಕಂಪನಿಯವ್ರು ಡ್ರಮ್ ಸೆಟ್ ಕೊಡ್ತೀವಿ ಅಂದಿದ್ದಾರೆ. – ಮಂಡ್ಯ

ಉತ್ತರ: ನಿಮಗೆ ಹಾಕ್ಸಿ ಅಂತೀನಿ. 20 ಇಂಚಿನ ಚಕ್ರದಲ್ಲಿ 160 ಮಿ.ಮೀ. ಡಿಸ್ಕಿನ ಕೆಳಗಿನ ಅಂಚು ನೆಲದಿಂದ ಬರೀ 16 ಸೆಂ.ಮೀ. ಮೇಲಿರುತ್ತೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಬಿದ್ದಿರೋ ಹಳ್ಳದಲ್ಲಿ ಇಳಿದ್ರೆ ಕೆಸರು ಸೀದಾ ಅದಕ್ಕೇ ಹೊಡೆಯುತ್ತೆ. ಡ್ರಮ್ ಒಳಗೆ ಅದು ಅಷ್ಟು ಸುಲಭಕ್ಕೆ ಹೋಗಲ್ಲ, ಲೈನಿಂಗ್ ವರ್ಷಗಟ್ಟಲೆ ಬರುತ್ತೆ. ಚಕ್ರ ಆಕ್ಸಲ್ ತನಕ ನೀರಲ್ಲಿ ಮುಳುಗಿದ್ರೆ ಮಾತ್ರ ಒಳಗೂ ನೀರು ಹೋಗುತ್ತೆ, ಆಚೆ ಬಂದ್ಮೇಲೆ ಸ್ವಲ್ಪ ದೂರ ಲಿವರ್ ಹಗುರವಾಗಿ ಹಿಡ್ಕೊಂಡು ಓಡ್ಸಿ ಒಣಗಿಸಿ. ಇನ್ನೊಂದು, ಲಿವರ್ ನೋಡ್ಕೊಳ್ಳಿ. ಡ್ರಮ್ಮಿಗೆ ಕೇಬಲ್ ಕಮ್ಮಿ ಎಳೆಯೋ ಶಾರ್ಟ್ ಪುಲ್ ಲಿವರ್ ಬೇಕು. ಈಗ ವಿ ಬ್ರೇಕ್ ಥರದ ಲಾಂಗ್ ಪುಲ್ ಲಿವರ್ ಇದ್ರೆ ಅದು ಕಲ್ಲಿನಂಗೆ ಗಟ್ಟಿ ಇರುತ್ತೆ ಆದ್ರೆ ಬ್ರೇಕ್ ಹಿಡಿಯಲ್ಲ, ಆಮೇಲೆ ಡ್ರಮ್ಮೇ ಸರಿ ಇಲ್ಲ ಅಂತ ಬೈತೀರ. ಪಾರ್ಕಿಂಗ್ ಲಾಕ್ ಇರೋ ಲಿವರ್ರೇ ತಗೊಳ್ಳಿ, ಏರಿ ಮೇಲೆ ನಿಲ್ಸಿ ಹೋದ್ರೆ ಗಾಡಿ ತಾನಾಗೇ ನಾಲೆಗೆ ಇಳೀಬಾರ್ದು.

ಪ್ರಶ್ನೆ: ಖರ್ಚು ಉಳೀಲಿ ಅಂತ ಒಂದು ಕಡೆ ಡ್ರಮ್, ಒಂದು ಕಡೆ ಡಿಸ್ಕ್ ಇಟ್ಕೊಂಡ್ರೆ? – ನಂಜನಗೂಡು

ಉತ್ತರ: ಖಂಡಿತ ಬೇಡ, ಜೋರಾಗಿ ಹಿಡಿದಾಗ ಯಾವ ಕಡೆ ಹಿಡಿತ ಜಾಸ್ತಿಯೋ ಆ ಕಡೆ ಎಳೆಯುತ್ತೆ.

ಪ್ರಶ್ನೆ: ಮುಂದಿನ ಎರಡೂ ಬ್ರೇಕ್ ತೆಗೆದು ಹಿಂದೆ ಮಾತ್ರ ಒಂದು ಡ್ರಮ್ ಹಾಕಿದ್ರೆ ಸಾಕಲ್ವಾ? – ಶ್ರೀರಂಗಪಟ್ಟಣ

ಉತ್ತರ: ಸಾಲಲ್ಲ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಜಾರುತ್ತೆ.

ಪ್ರಶ್ನೆ: ಹೈಡ್ರಾಲಿಕ್ ಲಿವರ್ ಇದೆ, ಅದನ್ನೇ ಡ್ರಮ್ಮಿಗೆ ಬಳಸಬಹುದಾ?

ಉತ್ತರ: ಆಗಲ್ಲ, ಈ ಡ್ರಮ್‌ಗಳು ಕೇಬಲ್‌ದು.

ಪ್ರಶ್ನೆ: ಡ್ರಮ್ ಬಿಸಿ ಆದ್ರೆ ನೀರು ಹಾಕಿ ತಣ್ಣಗೆ ಮಾಡಿ ಅಂತಾರೆ, ಶಬ್ದ ಬಂದ್ರೆ ಒಂದು ತೊಟ್ಟು ಎಣ್ಣೆ ಬಿಡಿ ಅಂತಾರೆ. ನಿಜವಾ? – ಪಾಂಡವಪುರ

ಉತ್ತರ: ಎರಡೂ ಸುಳ್ಳು. ಎಣ್ಣೆ ಬಿಟ್ರೆ ಲೈನಿಂಗ್ ಹೀರ್ಕೊಳ್ಳುತ್ತೆ, ಆ ಶೂ ಎಸೀಬೇಕು. ಕಾದ ಡ್ರಮ್ಮಿಗೆ ನೀರು ಹಾಕಿದ್ರೆ ಸೊಟ್ಟ ಆಗ್ಬಹುದು, ನೆರಳಲ್ಲಿ ನಿಲ್ಸಿ ಕಾಯಿರಿ.

ಪ್ರಶ್ನೆ: ಹಳೇ ಡ್ರಮ್ ಸಿಕ್ಕಿದೆ, ಒಳಗೆ ತುಂಬಾ ಧೂಳಿದೆ. ಪಂಕ್ಚರ್ ಅಂಗಡೀಲಿ ಗಾಳಿ ಹೊಡ್ಸಿ ಕ್ಲೀನ್ ಮಾಡಿಸ್ಲಾ? – ಮದ್ದೂರು

ಉತ್ತರ: ಬೇಡವೇ ಬೇಡ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಉಳಿಯುತ್ತೆ, ನಿಮಗೂ ಅಪಾಯ, ಪಕ್ಕದಲ್ಲಿ ಕೂತಿರೋ ಅಂಗಡಿ ಹುಡುಗನಿಗೂ ಅಪಾಯ. ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ, ಬಟ್ಟೇನ ಒಣಗೋ ಮುಂಚೆನೇ ಕವರಲ್ಲಿ ಕಟ್ಟಿ ಬಿಸಾಕಿ.