ಮಹೀನನ ಕುದುರೆಗಳು ನನ್ನವರೆಗೆ ಬಂದ ದಾರಿ

ಹಲವು ದಶಕಗಳ ಹಿಂದೆ ಒಂದು ಊರಿನಲ್ಲಿ ಹಾಡಿ, ಹೆಚ್ಚು ಜನರಿಗೆ ಗೊತ್ತಾಗದೆಯೇ ಚದುರಿಹೋದ ಬ್ಯಾಂಡ್ ಯಾವುದನ್ನಾದರೂ ತಡವಾಗಿ ಕಂಡುಕೊಂಡದ್ದುಂಟೆ, ಕಂಡುಕೊಂಡದ್ದು ಹೇಗೆ ಎಂದು ನೀವು ಕೇಳಿದ್ದೀರಿ. ನನಗೆ ಹಾಗೆ ಸಿಕ್ಕಿದ್ದು ಕೊಲ್ಕತ್ತದ 'ಮೊಹೀನೇರ್ ಘೋಡಾಗುಲಿ'. ಕನ್ನಡದಲ್ಲಿ ಹೇಳುವುದಾದರೆ 'ಮಹೀನನ ಕುದುರೆಗಳು'. ಸಿಕ್ಕಿದ ದಾರಿ ಮಾತ್ರ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ, ಏಕೆಂದರೆ ಅದು ಒಂದು ಹಿಂದಿ ಸಿನಿಮಾ ಹಾಡು.

2006ರಲ್ಲಿ 'ಗ್ಯಾಂಗ್‌ಸ್ಟರ್' ಚಿತ್ರದ 'ಭೀಗೀ ಭೀಗೀ' ಹಾಡು ಬೆಂಗಳೂರಿನ ಆಟೋಗಳಲ್ಲಿ, ಹೋಟೆಲುಗಳಲ್ಲಿ, ಸಹೋದ್ಯೋಗಿಗಳ ಮೊಬೈಲುಗಳಲ್ಲಿ ಎಡೆಬಿಡದೆ ಕೇಳಿಸುತ್ತಿತ್ತು. ಬಾಂಗ್ಲಾದೇಶದ ರಾಕ್ ಗಾಯಕ ಜೇಮ್ಸ್ ಅದನ್ನು ಹಾಡಿದ್ದರು, ಸಂಗೀತ ಪ್ರೀತಮ್ ಅವರದು. ನಾನು ಅದನ್ನು ಗುನುಗುತ್ತಿದ್ದುದನ್ನು ಕೇಳಿದ ಕೊಲ್ಕತ್ತದ ಸಹೋದ್ಯೋಗಿಯೊಬ್ಬರು, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಈ ರಾಗ ನಮ್ಮ ಊರಿನದು, ಇದನ್ನು ಕಟ್ಟಿದ 'ಮೊಹೀನೇರ್ ಘೋಡಾಗುಲಿ' ಬ್ಯಾಂಡಿನ ಗೌತಮ್ ಚಟ್ಟೋಪಾಧ್ಯಾಯ ತೀರಿಕೊಂಡು ಏಳು ವರ್ಷವಾಯಿತು ಎಂದರು. ಅವರ ದನಿಯಲ್ಲಿದ್ದುದು ಸಿಟ್ಟೋ ದುಃಖವೋ ನನಗೆ ಆಗ ತಿಳಿಯಲಿಲ್ಲ. ಮಾರನೆಯ ದಿನ ಅವರು ಮೂಲ ಹಾಡನ್ನು ಕೇಳಿಸಿ, ಸಾಲು ಸಾಲಾಗಿ ಅರ್ಥ ಹೇಳಿದಾಗ ಸ್ವಲ್ಪ ತಿಳಿಯಿತು.

ಹಿಂದಿಯಲ್ಲಿ ಅದು ಒದ್ದೆ ರಾತ್ರಿಗಳ ವಿರಹಗೀತೆ. ಬಂಗಾಳಿಯ 'ಪೃಥಿಬೀಟಾ ನಾಕಿ' ಹಾಡಿನಲ್ಲಿ ಮಳೆಯೂ ಇಲ್ಲ, ನಲ್ಲೆಯೂ ಇಲ್ಲ. ಉಪಗ್ರಹ ಮತ್ತು ಕೇಬಲ್‌ಗಳ ಕೈಗೆ ಸಿಕ್ಕಿದ ಭೂಮಿ ಚಿಕ್ಕದಾಗುತ್ತಾ ಆಗುತ್ತಾ, ನಡುಮನೆಯ ಮೂರ್ಖರ ಪೆಟ್ಟಿಗೆಯೊಳಗೆ ಸೆರೆಯಾಗಿದೆಯಂತೆ ಎಂದು ಅದು ಶುರುವಾಗುತ್ತದೆ. ಟೀವಿಯನ್ನು ಛೇಡಿಸಲು ಹುಟ್ಟಿದ ರಾಗ ಹನ್ನೊಂದು ವರ್ಷಗಳ ನಂತರ ಅದೇ ಟೀವಿಯಲ್ಲಿ ದಿನಕ್ಕೆ ಹತ್ತು ಸಲ ಬರತೊಡಗಿತ್ತು. ಗೌತಮ್ ಬದುಕಿದ್ದರೆ ನಗುತ್ತಿದ್ದರೇನೋ. ನನಗಂತೂ ಆ ಮೇಲೆ ಹಿಂದಿಯ ಹಾಡನ್ನು ಮೊದಲಿನ ಹಾಗೆ ಕೇಳಲು ಆಗಲೇ ಇಲ್ಲ.

ಈ ಹಾಡು 1970ರ ದಶಕದ್ದೆಂದು ನಾನು ಬಹಳ ಕಾಲ ನಂಬಿದ್ದೆ, ಅನೇಕರು ಈಗಲೂ ನಂಬಿದ್ದಾರೆ. ವಾಸ್ತವವಾಗಿ ಆ ದಶಕದ್ದು ಬ್ಯಾಂಡ್ ಮಾತ್ರ, ಹಾಡಲ್ಲ; ಬ್ಯಾಂಡ್ ಶುರುವಾದದ್ದು 1975ರಲ್ಲಿ. ಗೌತಮ್ ಅದಕ್ಕೂ ಮುಂಚೆ ನಕ್ಸಲ್ ಚಳವಳಿಯಲ್ಲಿ ತೊಡಗಿ ಸೆರೆವಾಸ ಅನುಭವಿಸಿ ಬಂದವರು. ಅವರ ಜೊತೆಗೆ ತಮ್ಮಂದಿರಾದ ಪ್ರದೀಪ್ ಮತ್ತು ವಿಶ್ವನಾಥ್, ರಂಜನ್ ಘೋಷಾಲ್, ತಪಸ್ ದಾಸ್, ತಪೇಶ್ ಬಂದೋಪಾಧ್ಯಾಯ, ಪಿಟೀಲು ನುಡಿಸುತ್ತಿದ್ದ ಅಬ್ರಹಾಂ ಮಜುಂದಾರ್ ಸೇರಿ ಒಟ್ಟು ಏಳು ಜನ. ಆರಂಭದಲ್ಲಿ 'ಸಪ್ತರ್ಷಿ' ಎಂದು ಹೆಸರಿಟ್ಟುಕೊಂಡರು, ಒಂದಿಷ್ಟು ದಿನ 'ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್‌ಸಿ. ಮತ್ತು ಸಂಗಡಿಗರು' ಎಂದೂ ಕರೆದುಕೊಂಡರು. (ಪದವಿಯನ್ನು ಹೆಸರಿನ ಮುಂದೆ ಹಚ್ಚಿಕೊಳ್ಳುವ ನಮ್ಮ ಕಡೆಯ ನಾಮಫಲಕಗಳನ್ನು ನೋಡಿದವರಿಗೆ ಈ ತಮಾಷೆಯನ್ನು ವಿವರಿಸಬೇಕಾಗಿಲ್ಲ.) ಕೊನೆಗೆ ನಿಂತ ಹೆಸರು ಬಂಗಾಳಿ ಕವಿ ಜೀವನಾನಂದ ದಾಸ್ ಅವರ 'ಘೋಡಾ' ಎಂಬ ಕವಿತೆಯದು. ಕಾರ್ತೀಕದ ಬೆಳದಿಂಗಳ ಬಯಲಿನಲ್ಲಿ ಮಹೀನನ ಕುದುರೆಗಳು ಹುಲ್ಲು ಮೇಯುತ್ತಿವೆ ಎಂಬ ಚಿತ್ರ ಅಲ್ಲಿ ಬರುತ್ತದೆ. ಈ ಹೆಸರನ್ನು ಸೂಚಿಸಿದವರು ರಂಜನ್ ಘೋಷಾಲ್.

ಆ ಕಾಲದ ಕೊಲ್ಕತ್ತದಲ್ಲಿ ಬ್ಯಾಂಡ್ ಎಂದರೆ ಪಾರ್ಕ್ ಸ್ಟ್ರೀಟಿನ ರೆಸ್ಟೋರೆಂಟುಗಳಲ್ಲಿ ಇಂಗ್ಲಿಷ್ ಹಾಡು ಹಾಡುವವರು; ಬಂಗಾಳಿ ಹಾಡೆಂದರೆ ರವೀಂದ್ರಸಂಗೀತ, ಸಿನಿಮಾ ಹಾಡು ಅಥವಾ 'ಆಧುನಿಕ್' ಎಂದು ಕರೆಯುವ ಮೃದುವಾದ ಪ್ರೇಮಗೀತೆ. ಗಿಟಾರ್, ಸ್ಯಾಕ್ಸೊಫೋನ್, ಪಿಟೀಲುಗಳನ್ನು ಬಂಗಾಳದ ಅಲೆಮಾರಿ ಹಾಡುಗಾರರಾದ ಬಾವುಲರ ಹಾಡಿನ ಧಾಟಿಯೊಂದಿಗೆ ಬೆರೆಸಿ, ನಗರದ ಬೇಸರವನ್ನು ಆಡುಮಾತಿನ ಬಂಗಾಳಿಯಲ್ಲಿ ಹಾಡಿದ ಇವರನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಕೇಳುಗರಿಗೆ ಹೊಳೆಯಲಿಲ್ಲ. ಅದೇ ವರ್ಷಗಳಲ್ಲಿ ನಮ್ಮಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದು ಮನೆಮನೆ ಸೇರಿತು. ಭಾವಗೀತೆಗೆ ಆಗಲೇ ಕಿವಿಗಳು ಸಿದ್ಧವಾಗಿದ್ದವು. ಇವರಿಗೆ ಆ ಭಾಗ್ಯವಿರಲಿಲ್ಲ. 1977, 1978 ಮತ್ತು 1979ರಲ್ಲಿ ವರ್ಷಕ್ಕೊಂದರಂತೆ ಮೂರು ಚಿಕ್ಕ ಗ್ರಾಮಫೋನ್ ತಟ್ಟೆಗಳು ಹೊರಬಂದವು. 1981ರ ಹೊತ್ತಿಗೆ ಗುಂಪು ಚದುರಿತ್ತು. ಅಬ್ರಹಾಂ ಜರ್ಮನಿಗೆ, ವಿಶ್ವನಾಥ್ ಅಮೆರಿಕಕ್ಕೆ ಹೋದರು, ಗೌತಮ್ ಸಿನಿಮಾ ನಿರ್ದೇಶನದ ಕಡೆ ತಿರುಗಿದರು.

ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ಯಾರೋ ಒಬ್ಬ ಸಂಗ್ರಾಹಕ ಹಳೆಯ ಅಂಗಡಿಯ ದೂಳಿನಲ್ಲಿ ತಟ್ಟೆಯೊಂದನ್ನು ಹೆಕ್ಕಿ ತೆಗೆಯುತ್ತಾನೆ. ಇಲ್ಲಿ ನಡೆದದ್ದು ಬೇರೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. 1990ರ ದಶಕದಲ್ಲಿ ಬಂಗಾಳಿ ಹಾಡಿನ ಗಾಳಿ ಬದಲಾಗಿ, ಕಾಲೇಜು ಹುಡುಗರು ಕೊನೆಗೂ ತಮ್ಮ ಭಾಷೆಯಲ್ಲಿ ಬ್ಯಾಂಡ್ ಕಟ್ಟತೊಡಗಿದಾಗ, ಗೌತಮ್ ತಾವೇ ಮರಳಿ ಬಂದರು. ಆದರೆ ಹಳೆಯ ಬ್ಯಾಂಡನ್ನು ಮತ್ತೆ ಕೂಡಿಸಿ ವೇದಿಕೆ ಏರಲಿಲ್ಲ. ಹೊಸ ಹುಡುಗ ಹುಡುಗಿಯರಿಂದ ಹಾಡಿಸಿ, 1995ರಲ್ಲಿ 'ಆಬಾರ್ ಬೊಛೋರ್ ಕುಡಿ ಪೊರೆ' ಎಂಬ ಕ್ಯಾಸೆಟ್ ತಂದರು. 'ಮತ್ತೆ ಇಪ್ಪತ್ತು ವರ್ಷಗಳ ನಂತರ' ಎಂಬ ಆ ಹೆಸರೂ ಜೀವನಾನಂದರ ಕವಿತೆಯಿಂದಲೇ ಬಂದದ್ದು. ಅದು ಮತ್ತು ಮುಂದಿನ ನಾಲ್ಕು ವರ್ಷಗಳಲ್ಲಿ ಬಂದ ಇನ್ನೂ ಮೂರು ಸಂಕಲನಗಳು 'ಮಹೀನನ ಕುದುರೆಗಳು ಹಾಡಿದ್ದು' ಎನ್ನುವುದಿಲ್ಲ, 'ಸಂಪಾದಿಸಿದ್ದು' ಎನ್ನುತ್ತವೆ. ಸಾಹಿತ್ಯ ಪತ್ರಿಕೆಯ ಸಂಪಾದಕನಂತೆ ಗೌತಮ್ ತಮ್ಮ ಬ್ಯಾಂಡಿನ ಹೆಸರನ್ನು ಎಳೆಯರಿಗೆ ಚಪ್ಪರವಾಗಿ ಕಟ್ಟಿಕೊಟ್ಟರು. 'ಪೃಥಿಬೀಟಾ ನಾಕಿ' ಇರುವುದು ಈ 1995ರ ಕ್ಯಾಸೆಟ್ಟಿನಲ್ಲಿಯೇ ಹೊರತು ಆ ಮೂರು ತಟ್ಟೆಗಳಲ್ಲಿ ಅಲ್ಲ. ಅಂದರೆ ಬ್ಯಾಂಡಿನ ಅತ್ಯಂತ ಪ್ರಸಿದ್ಧ ಹಾಡು ಹುಟ್ಟುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. 1999ರ ಜೂನ್‌ನಲ್ಲಿ ಗೌತಮ್ ತೀರಿಕೊಂಡರು.

ನನ್ನ ಹುಡುಕಾಟದಲ್ಲಿ ಇರಿಸುಮುರಿಸಾಗುವ ಒಂದು ಸಂಗತಿಯೂ ಇದೆ. ಹತ್ತು ಹದಿನೈದು ವರ್ಷ ಈ ಹಾಡುಗಳನ್ನು ಕೊಲ್ಕತ್ತದಿಂದ ಬಂದ ಅಪರೂಪದ ವಸ್ತುವಿನಂತೆ ಕೇಳುತ್ತಿದ್ದೆ. ಬ್ಯಾಂಡಿಗೆ ಹೆಸರು ಕೊಟ್ಟ ರಂಜನ್ ಘೋಷಾಲ್ ಅಷ್ಟು ವರ್ಷವೂ ಬೆಂಗಳೂರಿನಲ್ಲೇ ನೆಲೆಸಿ, ಇಲ್ಲಿನ ಜಾಹೀರಾತು ಮತ್ತು ರಂಗಭೂಮಿಯ ಕೆಲಸದಲ್ಲಿ ತೊಡಗಿದ್ದರು ಎಂಬುದು ನನಗೆ ಗೊತ್ತಾದದ್ದು 2020ರ ಜುಲೈನಲ್ಲಿ, ಪತ್ರಿಕೆಯಲ್ಲಿ ಅವರ ನಿಧನದ ಸುದ್ದಿ ಓದಿದಾಗ. ತಪಸ್ ದಾಸ್ 2023ರ ಜೂನ್‌ನಲ್ಲಿ ಹೋದರು.

ನೀವು ಕೇಳಬಯಸುವುದಾದರೆ ಪ್ರಸಿದ್ಧ ಹಾಡಿನಿಂದ ಶುರುಮಾಡಬೇಡಿ. 1977ರ ತಟ್ಟೆಯ 'ಹಾಯ್ ಭಾಲೋಬಾಶಿ' ಹಾಕಿಕೊಳ್ಳಿ. ದೋಣಿಯಲ್ಲಿ ತೇಲುವುದು, ಕಿಟಕಿಯ ಬಳಿ ಕೂತು ಸಂಜೆ ನೋಡುವುದು, ಪಿಕಾಸೊ, ಡಿಲನ್, ಬೀಥೋವನ್, ರವಿಶಂಕರ್ ಎಂದು ತನಗೆ ಪ್ರಿಯವಾದುದನ್ನೆಲ್ಲ ಪಟ್ಟಿಮಾಡುತ್ತಾ ಹೋಗುವ ಹಾಡುಗಾರ, ಆದರೂ ಯಾಕೋ ಏನೂ ಹಿಡಿಸುತ್ತಿಲ್ಲ ಎಂದು ನಿಲ್ಲಿಸುತ್ತಾನೆ. ಬಂಗಾಳಿ ಬಾರದಿದ್ದರೂ ಅರ್ಧಕ್ಕರ್ಧ ಪದಗಳು ಕನ್ನಡದವರಿಗೆ ತಾವಾಗಿಯೇ ಗೊತ್ತಾಗುತ್ತವೆ. ಅಲ್ಲಿಂದ 1979ರ 'ಚೈತ್ರೇರ್ ಕಾಫೊನ್' ಕಡೆಗೆ ಹೋಗಿ, ಆಮೇಲೆ 1995ರ ಕ್ಯಾಸೆಟ್ಟಿಗೆ ಬನ್ನಿ.